ಅಗ್ಗದ ವಿಮಾನ ಊರಾಚೆ ಯಾಕೆ ಇಳಿಯುತ್ತದೆ?

ಪ್ರಶ್ನೆ: ಜರ್ಮನಿಯಲ್ಲಿ ಓದುತ್ತಿರುವ ಮಗ ಅಗ್ಗದ ಟಿಕೆಟ್‌ನಲ್ಲಿ ಪ್ಯಾರಿಸ್‌ಗೆ ಹೋದ. ವಿಮಾನ ಇಳಿದಿದ್ದು ಬೋವೆ ಅನ್ನೋ ಊರಲ್ಲಿ, ಸುಮಾರು 85 ಕಿ.ಮೀ. ದೂರ! ಯಾಕೆ ಹೀಗೆ? ಬೆಂಗಳೂರಿಗೂ ಇಂಥದ್ದು ಬರುತ್ತಾ?
– ಓದುಗರೊಬ್ಬರು, ಚಿಕ್ಕಬಳ್ಳಾಪುರ

ಉತ್ತರ: ಚಿಕ್ಕಬಳ್ಳಾಪುರದಿಂದ ಬೆಂಗಳೂರಿಗಿಂತಲೂ ದೂರ ಆಯ್ತಲ್ವಾ! ಕಾರಣ ದುಡ್ಡು, ಅದಕ್ಕಿಂತ ಜಾಸ್ತಿ ಸಮಯ. ಸಣ್ಣ ನಿಲ್ದಾಣಗಳಲ್ಲಿ ಇಳಿಯುವ ಶುಲ್ಕ, ನಿಲ್ಲಿಸುವ ಬಾಡಿಗೆ ಕಡಿಮೆ. ಜನ ಬರಲಿ ಅಂತ ಆ ನಿಲ್ದಾಣದವರೇ ರಿಯಾಯಿತಿ ಕೊಡುವುದೂ ಉಂಟು. ಆದರೆ ನಿಜವಾದ ಲಾಭ ಬೇರೆ ಕಡೆ ಇದೆ: ವಿಮಾನ ಹಾರುತ್ತಿದ್ದರಷ್ಟೇ ಸಂಪಾದನೆ, ನಿಂತರೆ ಬರೀ ಖರ್ಚು. ದೊಡ್ಡ ನಿಲ್ದಾಣದಲ್ಲಿ ರನ್‌ವೇಗೆ ಸಾಲು, ಗೇಟಿಗೆ ಕಾಯೋದು. ಸಣ್ಣದರಲ್ಲಿ ಆ ಗೋಜಿಲ್ಲ. ಯುರೋಪಿನ ಅಗ್ಗದ ವಿಮಾನ ಕಂಪನಿ ರಯಾನ್‌ಏರ್ ಸುಮಾರು 25 ನಿಮಿಷದಲ್ಲೇ ಜನರನ್ನು ಇಳಿಸಿ, ಹತ್ತಿಸಿಕೊಂಡು, ಮತ್ತೆ ಹೊರಡುವ ಲೆಕ್ಕ ಇಟ್ಟುಕೊಂಡಿದೆ. ಹೀಗೆ ಉಳಿಸಿದ ಸಮಯದಲ್ಲಿ ಅದೇ ವಿಮಾನದಿಂದ ದಿನಕ್ಕೆ ಇನ್ನೊಂದು ಟ್ರಿಪ್ ಸಿಗಬಹುದು.

ಬೆಂಗಳೂರಿನ ಕಥೆ ಬೇರೆ. 2008ರಲ್ಲಿ ಶುರುವಾದ ದೇವನಹಳ್ಳಿ ನಿಲ್ದಾಣದ ಒಪ್ಪಂದದಲ್ಲಿ, ಮೈಸೂರು, ಹಾಸನ ಬಿಟ್ಟು, 150 ಕಿ.ಮೀ. ಒಳಗೆ 25 ವರ್ಷ ಹೊಸ ಅಂತರರಾಷ್ಟ್ರೀಯ ನಿಲ್ದಾಣ ಬರಬಾರದು ಅಂತಿದೆ. ಅಂದರೆ 2033ರವರೆಗೆ ಕಷ್ಟ.

ಮಗನಿಗೆ ಒಂದು ಮಾತು ಹೇಳಿ: ಬುಕ್ ಮಾಡುವ ಮುಂಚೆ ನಿಲ್ದಾಣದ ಹೆಸರು ನೋಡಲಿ, ಊರಿಗೆ ಹೋಗುವ ಬಸ್ ಚಾರ್ಜನ್ನೂ ಟಿಕೆಟ್‌ಗೆ ಸೇರಿಸಿ ಲೆಕ್ಕ ಹಾಕಲಿ.