ಮಾವನ ಪ್ರೆಸ್ಸಿನ ಕತೆಯಿಂದ ಶುರು ಮಾಡಿ

ನಮಸ್ಕಾರ. ನೀವು ಕಳಿಸಿದ 'ಕಂಪ್ಯೂಟರಿಗೆ ಟ್ರೋಜನ್ ಕಾಟ' ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ, ಆದರೆ ಕೈಬಿಡಲೂ ಮನಸ್ಸು ಬರುತ್ತಿಲ್ಲ.

ಮೊದಲ ಒಂದೂವರೆ ಪುಟ ಟ್ರಾಯ್ ನಗರದ ಮರದ ಕುದುರೆಗೇ ಹೋಗಿದೆ. ಒಳ್ಳೆಯ ಫೈಲಿನ ವೇಷದಲ್ಲಿ ಕಂಪ್ಯೂಟರಿನೊಳಗೆ ನುಗ್ಗುವ ಕೇಡಿನ ಪ್ರೋಗ್ರಾಮಿಗೆ ಟ್ರೋಜನ್ ಎಂಬ ಹೆಸರು ಅಲ್ಲಿಂದ ಬಂತು ಅಂತ ಹೇಳಲು ಎರಡು ಸಾಲು ಸಾಕು. ನಿಮ್ಮ ನಿಜವಾದ ಕತೆ ಮೂರನೇ ಪುಟದಲ್ಲಿದೆ: ಗದಗಿನಲ್ಲಿ ನಿಮ್ಮ ಸೋದರಮಾವನ ಪ್ರಿಂಟಿಂಗ್ ಪ್ರೆಸ್. ಲಗ್ನದ ಸೀಸನ್, ಗಿರಾಕಿಗಳೆಲ್ಲ ಮ್ಯಾಟರನ್ನು ಮೇಲ್‌ನಲ್ಲೇ ಕಳಿಸುತ್ತಾರೆ, ಅದರಲ್ಲಿ ಒಂದು ಝಿಪ್ ಫೈಲು, ಅದರೊಳಗೆ 'ಲಗ್ನಪತ್ರಿಕೆ.ಪಿಡಿಎಫ್.ಇಎಕ್ಸ್‌ಇ'. ನಾವು ಸೆಟ್ಟಿಂಗ್ ಬದಲಿಸದಿದ್ದರೆ ವಿಂಡೋಸ್ ಇದು ಓಡುವ ಪ್ರೋಗ್ರಾಂ ಅಂತ ಹೇಳುವ ಆ ಕೊನೆಯ 'ಇಎಕ್ಸ್‌ಇ' ಬಾಲವನ್ನು ತೋರಿಸುವುದೇ ಇಲ್ಲ. ಮಾವನಿಗೆ ಕಂಡದ್ದು ಬರೀ ಪಿಡಿಎಫ್, ಒತ್ತಿದರು. ಇಷ್ಟು ದೊಡ್ಡ ಸಂಗತಿಯನ್ನು ನೀವು ಒಂದೇ ಸಾಲಿನಲ್ಲಿ ಮುಗಿಸಿದ್ದೀರಲ್ಲ!

'ಟ್ರೋಜನ್ ಎಂಬ ವೈರಸ್ ತಾನಾಗಿಯೇ ಹರಡುತ್ತದೆ' ಅಂತ ಬರೆದದ್ದು ತಪ್ಪು. ವೈರಸ್ ಬೇರೆ ಫೈಲಿಗೆ ಅಂಟಿಕೊಂಡು ಹರಡುತ್ತದೆ, ವರ್ಮ್ ನೆಟ್‌ವರ್ಕಿನಲ್ಲಿ ತಾನೇ ಹರಿದಾಡುತ್ತದೆ, ಟ್ರೋಜನ್ ಸಾಮಾನ್ಯವಾಗಿ ನಾವು ಒತ್ತುವವರೆಗೆ ಕಾಯುತ್ತದೆ. ಪುಕ್ಕಟೆ ಕ್ರ್ಯಾಕ್ ಸಾಫ್ಟ್‌ವೇರ್ 'ಆಂಟಿವೈರಸ್ ಆಫ್ ಮಾಡಿ' ಅಂತ ಕೇಳುವುದೂ ಎಷ್ಟೋ ಸಲ ಒಳಗಿನ ಟ್ರೋಜನ್ ಸಿಕ್ಕಿಬೀಳದಿರಲಿ ಅಂತಲೇ, ಡಿಟಿಪಿ ಅಂಗಡಿಗಳಲ್ಲಿ ಈ ಅಭ್ಯಾಸ ಜಾಸ್ತಿ ಅಲ್ವಾ, ಅದನ್ನೂ ಬರೆಯಿರಿ. ಒಂದು ಉದಾಹರಣೆ ಬೇಕಿದ್ದರೆ ಇಮೊಟೆಟ್ ಎಂಬ ಟ್ರೋಜನ್ ಇದೆ. 2014ರಲ್ಲಿ ಬ್ಯಾಂಕ್ ವಿವರ ಕದಿಯಲು ಬಂದದ್ದು, ಆಮೇಲೆ ಬೇರೆ ಮಾಲ್‌ವೇರ್‌ಗಳನ್ನು, ಅಂದರೆ ಕೇಡಿನ ಸಾಫ್ಟ್‌ವೇರ್‌ಗಳನ್ನು, ಒಳಗೆ ಬಿಡುವ ಬಾಗಿಲಾಯಿತು. 2021ರ ಜನವರಿಯಲ್ಲಿ ಹಲವು ದೇಶಗಳ ಪೊಲೀಸರು ಸೇರಿ ಅದರ ಸರ್ವರ್‌ಗಳನ್ನು ವಶಕ್ಕೆ ತೆಗೆದುಕೊಂಡರು, ಅದೇ ವರ್ಷ ನವೆಂಬರಿನಲ್ಲಿ ಅದು ಮತ್ತೆ ಬಂತು.

ನನಗೆ ಹೆದರಿಕೆ ಆದದ್ದು ನಿಮ್ಮ ಪರಿಹಾರದ ಭಾಗ ಓದಿ. 'ತಕ್ಷಣ ಬ್ಯಾಂಕ್ ಪಾಸ್‌ವರ್ಡ್ ಬದಲಿಸಿ' ಅಂದಿದ್ದೀರಿ, ಯಾವುದರಲ್ಲಿ ಅಂತ ಹೇಳಿಲ್ಲ. ಓದುವವರು ಅದೇ ಕಂಪ್ಯೂಟರಿನಲ್ಲಿ ಬದಲಿಸುತ್ತಾರೆ, ನಾವು ಒತ್ತುವ ಕೀಲಿಗಳನ್ನು ಕದ್ದು ನೋಡುವ ಟ್ರೋಜನ್ ಇದ್ದರೆ ಹೊಸ ಪಾಸ್‌ವರ್ಡೂ ಕಳ್ಳನ ಕೈಗೆ ಹೋಗುತ್ತದೆ. ಮೊದಲು ಇಂಟರ್‌ನೆಟ್ ತಂತಿ ಕೀಳಬೇಕು, ವೈಫೈ ಆಫ್ ಮಾಡಬೇಕು. ಪಾಸ್‌ವರ್ಡನ್ನು ಸೋಂಕಿಲ್ಲದ ಬೇರೆ ಫೋನಿನಿಂದ ಬದಲಿಸಬೇಕು. ದುಡ್ಡು ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು. ಆಮೇಲೆ ವಿಂಡೋಸ್ ಜೊತೆಗೇ ಬರುವ ಆಂಟಿವೈರಸ್ ಡಿಫೆಂಡರಿನ ಆಫ್‌ಲೈನ್ ಸ್ಕ್ಯಾನ್. ಅದು ವಿಂಡೋಸ್ ಪೂರ್ತಿ ಶುರುವಾಗುವ ಮೊದಲೇ ಹುಡುಕುತ್ತದೆ, ಹಾಗಾಗಿ ಟ್ರೋಜನ್‌ಗೆ ಅಡಗಿಕೊಳ್ಳುವುದು ಕಷ್ಟ. ಟಾಸ್ಕ್ ಮ್ಯಾನೇಜರಿನಲ್ಲಿ, ಕಂಪ್ಯೂಟರ್ ಶುರುವಾದಾಗ ತಾನೇ ಓಡುವ ಪ್ರೋಗ್ರಾಂಗಳ ಸ್ಟಾರ್ಟ್‌ಅಪ್ ಪಟ್ಟಿಯಲ್ಲಿ ಗುರುತಿಲ್ಲದ ಹೆಸರು ಕಂಡರೆ ಅದೂ ಸುಳಿವು. ಇಷ್ಟಾದ ಮೇಲೂ ಅನುಮಾನ ಉಳಿದರೆ ಲಗ್ನಪತ್ರಿಕೆಗಳ ಫೈಲು, ಫೋಟೊ ಮಾತ್ರ ತೆಗೆದಿಟ್ಟುಕೊಂಡು ಡಿಸ್ಕ್ ಫಾರ್ಮ್ಯಾಟ್ ಮಾಡಿ ವಿಂಡೋಸನ್ನು ಹೊಸದಾಗಿ ಹಾಕುವುದೇ ಸರಿ. ಸರ್ಕಾರದ ಸೈಬರ್ ಸ್ವಚ್ಛತಾ ಕೇಂದ್ರ ಪುಕ್ಕಟೆ ಸಾಧನಗಳನ್ನು ಕೊಡುತ್ತದೆ, ಅದನ್ನೂ ಸೇರಿಸಿ.

ಇನ್ನೊಮ್ಮೆ ಮಾವನ ಹತ್ತಿರ ಕೂತು ಕೇಳಿ: ಒತ್ತಿದ ಮೇಲೆ ಪರದೆಯಲ್ಲಿ ಏನು ಕಂಡಿತು? ಏನೂ ಕಾಣಲಿಲ್ಲ ಅಂದರೆ ಅದನ್ನೇ ಬರೆಯಿರಿ. ಅನುಮಾನ ಬರಲು ಎಷ್ಟು ದಿನ ಹಿಡಿಯಿತು ಅಂತಲೂ ಕೇಳಿ. ಮುಂದಿನ ಸೋಮವಾರದೊಳಗೆ ಕಳಿಸಿ, ಹುಬ್ಬಳ್ಳಿ ಕಡೆ ಬಂದರೆ ಕಚೇರಿಗೇ ಬನ್ನಿ, ಜೊತೆಗೆ ಕೂತು ತಿದ್ದೋಣ.