ಕಸಾಂಡ್ರಾಗೆ ಎರಡನೇ ಡೇಟಾ ಸೆಂಟರ್ ಸೇರಿಸುವಾಗ ಆ್ಯಪ್ ಮೊದಲು, ನೋಡ್ ಆಮೇಲೆ

"ಆ್ಯಪ್ ಕಾನ್ಫಿಗ್‌ನಲ್ಲಿ ಹಳೆಯ ಡೇಟಾ ಸೆಂಟರ್‌ನ ಐಪಿಗಳು ಮಾತ್ರ ಇವೆ, ಹಾಗಾಗಿ ಆ ಕಡೆ ತೊಂದರೆ ಇಲ್ಲ" ಅಂತ ಬರೆದಿದ್ದೀರಲ್ಲ, ಆ ಸಾಲು ಓದಿಯೇ ಉತ್ತರ ಬರೆಯಲು ಕೂತೆ. ನೀವು ಕೇಳಿರುವುದು ಬೇರೆ ಅಂತ ಗೊತ್ತು. ಕಸಾಂಡ್ರಾ (ಡೇಟಾವನ್ನು ಹಲವು ಯಂತ್ರಗಳಲ್ಲಿ ಪ್ರತಿ ಮಾಡಿ ಇಡುವ ಡೇಟಾಬೇಸ್) ಕ್ಲಸ್ಟರ್‌ಗೆ ಎರಡನೇ ಡೇಟಾ ಸೆಂಟರ್ ಸೇರಿಸಬೇಕು, ಹೊಸ ನೋಡ್‌ಗಳನ್ನು (ಅಂದರೆ ಯಂತ್ರಗಳನ್ನು) ಬೂಟ್‌ಸ್ಟ್ರಾಪ್ ಮಾಡಿ ಸೇರುವಾಗಲೇ ಡೇಟಾ ಎಳೆದುಕೊಳ್ಳುವ ಹಾಗೆ ಮಾಡಬೇಕಾ, ಇಲ್ಲ ಖಾಲಿ ಎಬ್ಬಿಸಿ ಆಮೇಲೆ ಹಳೆಯ ಕಡೆಯಿಂದ ಡೇಟಾ ತುಂಬಿಸಿ ರೀಬಿಲ್ಡ್ ಮಾಡಬೇಕಾ, ವಾರಾಂತ್ಯದಲ್ಲಿ ಮುಗಿಯುತ್ತಾ ಅಂತ. ಅದಕ್ಕೆ ಆಮೇಲೆ ಬರುತ್ತೇನೆ. ಐಪಿ ಬಗ್ಗೆ ಆ ಸಾಲು ನಮ್ಮ ಪ್ಲಾನ್‌ನಲ್ಲೂ ಇತ್ತು, ಹೆಚ್ಚುಕಡಿಮೆ ಇದೇ ಮಾತಿನಲ್ಲಿ. ಬರೆದವನು ನಾನೇ.

ನಮ್ಮದು ಒಂದು ಡೇಟಾ ಸೆಂಟರ್, ರೆಪ್ಲಿಕೇಶನ್ 3, ಅಂದರೆ ಒಂದೊಂದು ಸಾಲಿಗೂ ಮೂರು ನೋಡ್‌ಗಳಲ್ಲಿ ಪ್ರತಿ (ಕಾಪಿ). ಹೊಸ ಕಡೆ ನೋಡ್‌ಗಳು ಒಂದೊಂದಾಗಿ ಎದ್ದವು. ನೋಡ್‌ಟೂಲ್ ಸ್ಟೇಟಸ್‌ನಲ್ಲಿ ಎಲ್ಲದರ ಮುಂದೆಯೂ 'ಯುಎನ್' (ಅಪ್, ನಾರ್ಮಲ್). ಕೀಸ್ಪೇಸ್ (ಟೇಬಲ್‌ಗಳ ಗುಂಪು, ಎಲ್ಲಿ ಎಷ್ಟು ಪ್ರತಿ ಅನ್ನುವುದು ಇದರಲ್ಲೇ) ಆಲ್ಟರ್ ಮಾಡಿ ಹೊಸ ಡೇಟಾ ಸೆಂಟರ್‌ಗೂ 3 ಪ್ರತಿ ಅಂತ ಹೇಳಿದೆವು, ರೀಬಿಲ್ಡ್ ಶುರು ಮಾಡಿದೆವು. ಎರರ್ ಗ್ರಾಫ್ ಸೊನ್ನೆಯಲ್ಲೇ ಇತ್ತು. ಆದರೆ ಸಪೋರ್ಟ್ ಟೀಮಿಗೆ ದೂರು ಬರಲು ಶುರುವಾಯಿತು. ಬಳಕೆದಾರರ ಸೆಟ್ಟಿಂಗ್ಸ್ ಎಲ್ಲಾ ಮಾಯ, ಹೊಸ ಅಕೌಂಟ್ ತೆರೆದ ಹಾಗೆ ಕಾಣುತ್ತಿದೆಯಂತೆ.

ಆಗಿದ್ದು ಇಷ್ಟು. ಕಾನ್ಫಿಗ್‌ನಲ್ಲಿ ಕೊಡುವ ಐಪಿಗಳು ಡ್ರೈವರ್‌ಗೆ (ಆ್ಯಪ್ ಒಳಗಿದ್ದು ಕಸಾಂಡ್ರಾ ಜೊತೆ ಮಾತಾಡುವ ಲೈಬ್ರರಿ) ಮೊದಲ ಸಲ ಕ್ಲಸ್ಟರ್ ತಲುಪಲು ಮಾತ್ರ. ಒಳಗೆ ಹೋದ ಮೇಲೆ ಅದು ಪೀರ್ಸ್ ಟೇಬಲ್ ಓದಿ ಉಳಿದ ಎಲ್ಲ ನೋಡ್‌ಗಳ ಪಟ್ಟಿ ತಾನೇ ಮಾಡಿಕೊಳ್ಳುತ್ತದೆ. ಹೊಸ ನೋಡ್ ಬಂದರೆ ಅದಕ್ಕೂ ಸುದ್ದಿ ಹೋಗುತ್ತದೆ. ರಿಕ್ವೆಸ್ಟ್ ಯಾವ ನೋಡ್‌ಗೆ ಹೋಗಬೇಕು ಅನ್ನುವುದನ್ನು ನಿಮ್ಮ ಐಪಿ ಪಟ್ಟಿ ತೀರ್ಮಾನಿಸಲ್ಲ, ಲೋಡ್ ಬ್ಯಾಲೆನ್ಸಿಂಗ್ ಪಾಲಿಸಿ ತೀರ್ಮಾನಿಸುತ್ತದೆ. ನಮ್ಮ ದೊಡ್ಡ ಸರ್ವೀಸ್‌ಗಳೆಲ್ಲ ತಮ್ಮ ಡೇಟಾ ಸೆಂಟರ್ ಬಿಟ್ಟು ಹೊರಗೆ ಹೋಗದ ಪಾಲಿಸಿಯಲ್ಲೇ ಇದ್ದವು. ಸೆಟ್ಟಿಂಗ್ಸ್ ನೋಡಿಕೊಳ್ಳುವ ಒಂದು ಸಣ್ಣ ಸರ್ವೀಸ್ ಮಾತ್ರ ಬರೀ ರೌಂಡ್‌ರಾಬಿನ್ (ಎಲ್ಲ ನೋಡ್‌ಗೂ ಸರದಿಯಂತೆ), ಕನ್ಸಿಸ್ಟೆನ್ಸಿ ಒನ್ (ಒಂದು ಪ್ರತಿ ಉತ್ತರಿಸಿದರೆ ಸಾಕು). ಒಂದೇ ಡೇಟಾ ಸೆಂಟರ್ ಇದ್ದಷ್ಟು ದಿನ ಅದರಲ್ಲಿ ಯಾವ ತಪ್ಪೂ ಇರಲಿಲ್ಲ. ಎರಡನೆಯದು ಬಂದ ಕೂಡಲೇ ಅದರ ರಿಕ್ವೆಸ್ಟ್‌ಗಳಲ್ಲಿ ಒಂದಷ್ಟು ಹೊಸ ನೋಡ್‌ಗಳಿಗೆ ಹೋದವು. ಅಲ್ಲಿನ ಕೋಆರ್ಡಿನೇಟರ್ (ರಿಕ್ವೆಸ್ಟ್ ತೆಗೆದುಕೊಂಡ ನೋಡ್) ತನ್ನ ಹತ್ತಿರದ ಪ್ರತಿಯನ್ನು ಕೇಳಿತು. ಅದು ಖಾಲಿ.

ಈ ಜಾಗದಲ್ಲಿ ಸ್ವಲ್ಪ ಉದ್ದ ಎಳೆಯುತ್ತೇನೆ, ಬೈಕೋಬೇಡಿ. ಖಾಲಿ ಪ್ರತಿ ಎರರ್ ಕೊಡಲ್ಲ. "ನನಗಿನ್ನೂ ಡೇಟಾ ಬಂದಿಲ್ಲ" ಅಂತ ಹೇಳಲು ಅದಕ್ಕೆ ದಾರಿಯೇ ಇಲ್ಲ. ಕೀಸ್ಪೇಸ್ ಆಲ್ಟರ್ ಆದ ಕ್ಷಣದಿಂದ ಅದು ಪೂರ್ತಿ ಹಕ್ಕಿನ ಪ್ರತಿ. ಕೇಳಿದ್ದಕ್ಕೆ ಸೊನ್ನೆ ಸಾಲು ಅಂತ ಧೈರ್ಯವಾಗಿ ಉತ್ತರ ಕೊಡುತ್ತದೆ. ಒಂದು ಪ್ರತಿಯ ಉತ್ತರ ಸಾಕು ಅಂತ ನಾವೇ ಹೇಳಿದ್ದೇವೆ, ಅಲ್ವಾ? ಆ ಸರ್ವೀಸ್‌ನಲ್ಲಿ ಎಲ್ಲರೂ ಬರೆಯುವಂಥ ಒಂದು ಕೋಡ್ ಇತ್ತು: ಸಾಲು ಸಿಗದಿದ್ದರೆ ಹೊಸ ಬಳಕೆದಾರ, ಡೀಫಾಲ್ಟ್ ಬರೆದುಬಿಡು. ಬರೆಯಿತು. ಕಸಾಂಡ್ರಾದಲ್ಲಿ ಕನ್ಸಿಸ್ಟೆನ್ಸಿ ಒನ್ ಅಂದರೆ ಒಂದು ಪ್ರತಿಯ ಒಪ್ಪಿಗೆಗೆ ಕಾಯುವುದು ಅಷ್ಟೇ, ಬರಹ ಹೋಗುವುದು ಎಲ್ಲ ಪ್ರತಿಗಳಿಗೂ. ಹಾಗಾಗಿ ಆ ಡೀಫಾಲ್ಟ್ ಎರಡೂ ಡೇಟಾ ಸೆಂಟರ್‌ನ ಆರೂ ಪ್ರತಿಗಳಿಗೆ ಹೋಯಿತು. ಟೈಮ್‌ಸ್ಟ್ಯಾಂಪ್ ಹೊಸದು. ಒಂದೇ ಸೆಲ್‌ಗೆ ಎರಡು ವ್ಯಾಲ್ಯೂ ಇದ್ದರೆ ಹೊಸ ಟೈಮ್‌ಸ್ಟ್ಯಾಂಪ್ ಇರುವುದೇ ಗೆಲ್ಲುತ್ತದೆ. ಅಂದರೆ ಹೊಸ ಕಡೆಯ ಖಾಲಿತನ, ಸರಿಯಾಗಿದ್ದ ಹಳೆಯ ಕಡೆಯನ್ನೂ ಕೆಡಿಸಿತು. ನಾವು ಮಾತ್ರ "ರೀಬಿಲ್ಡ್ ಮುಗಿದರೆ ಎಲ್ಲಾ ಸರಿಹೋಗುತ್ತೆ" ಅಂತ ಕಾಯುತ್ತಾ ಕೂತಿದ್ದೆವು. ಸರಿಹೋಗುವುದು ಹೇಗೆ? ರೀಬಿಲ್ಡ್ ತರುವುದು ಹಳೆಯ ಟೈಮ್‌ಸ್ಟ್ಯಾಂಪ್‌ನ ಡೇಟಾ. ಅದು ಬಂದು ಸೋತು ಸುಮ್ಮನೆ ಕೂರುತ್ತದೆ. ಕಾದಷ್ಟೂ ಇನ್ನಷ್ಟು ಸಾಲುಗಳು ಹಾಳಾದವು.

ಆಗ ಮಾಡಬೇಕಿದ್ದದ್ದು ಒಂದೇ ಕಮಾಂಡ್: ಕೀಸ್ಪೇಸ್‌ನಿಂದ ಹೊಸ ಡೇಟಾ ಸೆಂಟರ್ ತೆಗೆದು ಮತ್ತೆ ಹಳೆಯ ರೆಪ್ಲಿಕೇಶನ್‌ಗೆ ಆಲ್ಟರ್ ಮಾಡುವುದು. ಹೊಸ ನೋಡ್‌ಗಳು ಇದ್ದಲ್ಲೇ ಇರಲಿ, ಯಾರ ಡೇಟಾಕ್ಕೂ ಅವು ಜವಾಬ್ದಾರರಲ್ಲ ಅಂತ ಆದರೆ ಅಪಾಯ ಅಲ್ಲಿಗೆ ನಿಲ್ಲುತ್ತದೆ. ಈ ಕಮಾಂಡನ್ನು ಮೊದಲೇ ಟೈಪ್ ಮಾಡಿಟ್ಟುಕೊಳ್ಳಿ. ಗಾಬರಿಯಲ್ಲಿ ಡೇಟಾ ಸೆಂಟರ್ ಹೆಸರು ತಪ್ಪು ಬರೆಯುತ್ತೀರಿ. ದೊಡ್ಡಕ್ಷರ, ಚಿಕ್ಕಕ್ಷರ ಕೂಡ ಅಲ್ಲಿ ಲೆಕ್ಕಕ್ಕೆ ಬರುತ್ತದೆ.

ಸ್ನ್ಯಾಪ್‌ಶಾಟ್ (ಮೊದಲೇ ತೆಗೆದಿಟ್ಟ ಬ್ಯಾಕಪ್) ಇತ್ತಲ್ಲ ಅಂತ ನೀವು ಕೇಳಬಹುದು. ಇತ್ತು. ಆದರೆ ಅದನ್ನು ಅದೇ ಕ್ಲಸ್ಟರ್‌ಗೆ ಹಾಕಿದರೆ ಮತ್ತೆ ಅದೇ ಕಥೆ, ಹಳೆಯ ಟೈಮ್‌ಸ್ಟ್ಯಾಂಪ್ ಸೋಲುತ್ತದೆ. ಬೇರೆ ಒಂದು ಚಿಕ್ಕ ಕ್ಲಸ್ಟರ್ ಎಬ್ಬಿಸಿ ಅದಕ್ಕೆ ಲೋಡ್ ಮಾಡಿದೆವು. ಲೈವ್ ಕ್ಲಸ್ಟರ್‌ನಲ್ಲಿ ರೈಟ್‌ಟೈಮ್ ಫಂಕ್ಷನ್ ಬಳಸಿ ಆ ಅವಧಿಯಲ್ಲಿ ಬರೆದ ಸಾಲುಗಳನ್ನು ಹುಡುಕಿ, ವ್ಯಾಲ್ಯೂ ಡೀಫಾಲ್ಟೇ ಆಗಿದ್ದರೆ ಮಾತ್ರ ಹಳೆಯದನ್ನು ಹೊಸ ಬರಹವಾಗಿ ಹಾಕಿದೆವು. ಅಷ್ಟರಲ್ಲಿ ಕೆಲವರು ತಾವೇ ಕೂತು ಸೆಟ್ಟಿಂಗ್ಸ್ ಮತ್ತೆ ತುಂಬಿದ್ದರು. ಅವರದ್ದನ್ನು ಮುಟ್ಟಲಿಲ್ಲ.

ಈಗ ನಿಮ್ಮ ಪ್ರಶ್ನೆ. ಬೂಟ್‌ಸ್ಟ್ರಾಪಾ ರೀಬಿಲ್ಡಾ ಅನ್ನುವುದು ನಿಮ್ಮ ವಿಷಯದಲ್ಲಿ ಪ್ರಶ್ನೆಯೇ ಅಲ್ಲ. ಕೀಸ್ಪೇಸ್ ನೆಟ್‌ವರ್ಕ್‌ಟೋಪಾಲಜಿ ಸ್ಟ್ರಾಟಜಿಯಲ್ಲಿ (ಯಾವ ಡೇಟಾ ಸೆಂಟರ್‌ನಲ್ಲಿ ಎಷ್ಟು ಪ್ರತಿ ಅಂತ ಹೆಸರಿಟ್ಟು ಹೇಳುವ ವಿಧಾನ) ಇದ್ದು, ಹೊಸ ಡೇಟಾ ಸೆಂಟರ್ ಹೆಸರು ಅದರಲ್ಲಿ ಇಲ್ಲದಿದ್ದರೆ, ಆ ನೋಡ್‌ಗಳ ಪಾಲಿಗೆ ಯಾವ ಡೇಟಾವೂ ಇಲ್ಲ. ಬೂಟ್‌ಸ್ಟ್ರಾಪ್ ತರುವುದಾದರೂ ಏನನ್ನು? ಹಾಗಾಗಿ ಆಟೋ ಬೂಟ್‌ಸ್ಟ್ರಾಪ್ ಆಫ್, ಆಮೇಲೆ ಆಲ್ಟರ್, ಆಮೇಲೆ ರೀಬಿಲ್ಡ್. ಇನ್ನೂ ಸಿಂಪಲ್ ಸ್ಟ್ರಾಟಜಿಯಲ್ಲಿ ಇದ್ದರೆ ಮೊದಲು ಅದನ್ನು ಬದಲಿಸಿ, ಆಮೇಲೇ ಹೊಸ ನೋಡ್ ಮುಟ್ಟಿ. ಸಿಂಪಲ್ ಸ್ಟ್ರಾಟಜಿಗೆ ಡೇಟಾ ಸೆಂಟರ್ ಅಂದರೇನು ಅಂತಲೇ ಗೊತ್ತಿಲ್ಲ, ಹೊಸ ನೋಡ್‌ಗಳಿಗೆ ನೇರವಾಗಿ ಪಾಲು ಕೊಟ್ಟುಬಿಡುತ್ತದೆ. ಮತ್ತೊಂದು: ಎಲ್ಲಾ ಮುಗಿದ ಮೇಲೆ ಆಟೋ ಬೂಟ್‌ಸ್ಟ್ರಾಪ್ ಆಫ್ ಅನ್ನುವ ಸಾಲನ್ನು ಕಾನ್ಫಿಗ್‌ನಿಂದ ತೆಗೆಯಿರಿ. ಅದು ಹಾಗೇ ಉಳಿದರೆ ಮುಂದೊಂದು ದಿನ ಅದೇ ಡೇಟಾ ಸೆಂಟರ್‌ಗೆ ಯಾರೋ ಒಂದು ನೋಡ್ ಸೇರಿಸುತ್ತಾರೆ, ಅದು ಖಾಲಿಯಾಗಿ ಬಂದು ಕೂತು ಉತ್ತರ ಕೊಡಲು ಶುರು ಮಾಡುತ್ತದೆ. ಹೊಸ ನೋಡ್ ತನ್ನ ಐಪಿಯನ್ನೇ ಸೀಡ್ ಪಟ್ಟಿಯಲ್ಲಿ (ಹೊಸ ನೋಡ್ ಕ್ಲಸ್ಟರ್ ಹುಡುಕಲು ಮೊದಲು ಸಂಪರ್ಕಿಸುವ ನೋಡ್‌ಗಳು) ಇಟ್ಟುಕೊಂಡರೂ ಇದೇ ಗತಿ. ಸೀಡ್ ಬೂಟ್‌ಸ್ಟ್ರಾಪ್ ಮಾಡಲ್ಲ.

ಕ್ವೋರಮ್ (ಅರ್ಧಕ್ಕಿಂತ ಹೆಚ್ಚು ಪ್ರತಿಗಳ ಉತ್ತರ) ಬಳಸುತ್ತಿದ್ದೇವೆ, ನಾವು ಸೇಫ್ ಅಂತ ಅಂದುಕೊಂಡಿದ್ದರೆ ಅದನ್ನೂ ಬಿಡಿ. ಇವತ್ತು ನಿಮಗೆ 3ರಲ್ಲಿ 2 ಸಾಕು. ಆಲ್ಟರ್ ಆದ ಮೇಲೆ 6ರಲ್ಲಿ 4 ಬೇಕು. ಆ ನಾಲ್ಕರಲ್ಲಿ ಮೂರು ಖಾಲಿಯಾಗಿ, ಉಳಿದ ಒಂದು ಹಳೆಯ ಪ್ರತಿಗೆ ಹಿಂದೆ ಆ ಬರಹ ತಲುಪಿಯೇ ಇರದಿದ್ದರೆ? ಅದರ ಮೇಲೆ ಪ್ರತಿ ರಿಕ್ವೆಸ್ಟೂ ಎರಡು ಡೇಟಾ ಸೆಂಟರ್ ನಡುವಿನ ಲೈನ್ ದಾಟಿ ಬರಬೇಕು. ಲೋಕಲ್ ಕ್ವೋರಮ್‌ಗೆ ಹೋಗಿ, ಅದು ತನ್ನ ಡೇಟಾ ಸೆಂಟರ್‌ನ ಪ್ರತಿಗಳನ್ನು ಮಾತ್ರ ಎಣಿಸುತ್ತದೆ. ಲೈಟ್‌ವೇಟ್ ಟ್ರಾನ್ಸಾಕ್ಷನ್ ('ಹೀಗಿದ್ದರೆ ಮಾತ್ರ ಬರೆ' ಅನ್ನುವ ಷರತ್ತಿನ ಬರಹ) ಇದ್ದರೆ ಅದರ ಸೀರಿಯಲ್ ಕನ್ಸಿಸ್ಟೆನ್ಸಿ ಬೇರೆಯೇ ಸೆಟ್ಟಿಂಗ್, ಅದನ್ನೂ ಲೋಕಲ್ ಸೀರಿಯಲ್ ಮಾಡಿ. ಇದನ್ನು ಎಲ್ಲರೂ ಮರೆಯುತ್ತಾರೆ.

ರೀಬಿಲ್ಡ್‌ಗೆ ಮೊದಲು ಹಳೆಯ ಕಡೆ ರಿಪೇರ್ ಓಡಿಸಿ, ಅದು ಪ್ರತಿಗಳನ್ನು ಹೋಲಿಸಿ ಸರಿಹೊಂದಿಸುತ್ತದೆ. ರೀಬಿಲ್ಡ್ ಪ್ರತಿ ರೇಂಜ್‌ಗೂ ಒಂದೇ ಪ್ರತಿಯಿಂದ ಡೇಟಾ ಎಳೆಯುತ್ತದೆ, ಆ ಪ್ರತಿಯಲ್ಲಿ ಇಲ್ಲದ್ದು ಹೊಸ ಕಡೆಯೂ ಇರಲ್ಲ. ಕಮಾಂಡ್‌ನಲ್ಲಿ ಹಳೆಯ ಡೇಟಾ ಸೆಂಟರ್ ಹೆಸರು ಕೊಡದೆ ಓಡಿಸಬೇಡಿ, ಪಕ್ಕದ ಖಾಲಿ ನೋಡ್‌ನಿಂದ ಎಳೆದುಕೊಂಡು ಮುಗಿಯಿತು ಅಂದುಬಿಡಬಹುದು. ಲಾಗಿನ್ ವಿವರ ಇರುವ ಸಿಸ್ಟಮ್ ಆಥ್ ಕೀಸ್ಪೇಸನ್ನೂ ಆಲ್ಟರ್ ಮಾಡಿ, ಇಲ್ಲದಿದ್ದರೆ ಲೈನ್ ಕಡಿದ ದಿನ ಹೊಸ ಕಡೆ ಲಾಗಿನ್ನೇ ಆಗಲ್ಲ.

ವಾರಾಂತ್ಯದ ಮಾತು ಮರೆತುಬಿಡಿ. ಒಂದು ನೋಡ್ ಹೊರಗೆ ಕಳಿಸುವ ಡೀಫಾಲ್ಟ್ ಮಿತಿ ಸೆಕೆಂಡಿಗೆ 200 ಮೆಗಾಬಿಟ್. ಅಂದರೆ 25 ಮೆಗಾಬೈಟ್. ಆ ಲೆಕ್ಕದಲ್ಲಿ ಒಂದು ನೋಡ್‌ನಿಂದ 1 ಟೆರಾಬೈಟ್ ಹೊರಡಲು ಸುಮಾರು 11 ಗಂಟೆ ಬೇಕು, ಅದೂ ನಡುವೆ ಏನೂ ಕಡಿಯದಿದ್ದರೆ. ಮಿತಿ ಏರಿಸಬಹುದು, ಆದರೆ ಆ ಭಾರ ಹೊರುವುದು ನಿಮ್ಮ ಲೈವ್ ನೋಡ್‌ಗಳೇ. ಸೋಮವಾರದೊಳಗೆ ಮುಗಿಸಬೇಕು ಅನ್ನುವ ಒತ್ತಡ ಇದ್ದರೆ ಯಾರಾದರೂ ಪರಿಶೀಲನೆ ಬಿಟ್ಟು ಮುಂದೆ ಹೋಗುತ್ತಾರೆ. ನಿಧಾನವಾಗಿ ಆಗಲಿ ಬಿಡಿ. ಎರಡು ಕಡೆಯ ಲೈನ್ 3 ಗಂಟೆಗಿಂತ ಜಾಸ್ತಿ ಕಡಿದಿದ್ದರೆ ಆಮೇಲೆ ರಿಪೇರ್ ಕಡ್ಡಾಯ, ಡೀಫಾಲ್ಟ್‌ನಲ್ಲಿ ಹಿಂಟ್‌ಗಳು (ತಲುಪದ ಬರಹವನ್ನು ಆಮೇಲೆ ಕಳಿಸಲು ಇಟ್ಟುಕೊಳ್ಳುವ ಟಿಪ್ಪಣಿಗಳು) ಅಷ್ಟು ಹೊತ್ತಿನ ಬರಹವನ್ನು ಮಾತ್ರ ಎತ್ತಿಡುತ್ತವೆ.

ಎಲ್ಲಾ ಸರ್ವೀಸ್‌ನ ಪಾಲಿಸಿ ನೋಡಿದ್ದೇವೆ ಅಂತ ನೀವು ಎಷ್ಟೇ ಹೇಳಿದರೂ ನಾನು ನಂಬಲ್ಲ, ಎಲ್ಲೋ ಒಂದು ಕ್ರಾನ್ ಸ್ಕ್ರಿಪ್ಟ್ (ನಿಗದಿತ ಹೊತ್ತಿಗೆ ತಾನೇ ಓಡುವುದು) ಇದ್ದೇ ಇರುತ್ತದೆ. ಹೊಸ ನೋಡ್‌ಗಳಲ್ಲಿ ನೇಟಿವ್ ಟ್ರಾನ್ಸ್‌ಪೋರ್ಟ್ (ಡ್ರೈವರ್‌ಗಳು ಬರುವ ದಾರಿ) ಆಫ್ ಮಾಡಿಯೇ ಎಬ್ಬಿಸಿ. 9042 ಪೋರ್ಟ್ ತೆರೆಯದಿದ್ದರೆ ಯಾವ ಡ್ರೈವರ್‌ಗೂ ಅವು ಸಿಗಲ್ಲ, ರೀಬಿಲ್ಡ್‌ಗೆ ಆ ಪೋರ್ಟ್ ಬೇಕಾಗಿಯೂ ಇಲ್ಲ. ಗಮನಿಸಿ, ಹಳೆಯ ಕಡೆಯ ಕೋಆರ್ಡಿನೇಟರ್‌ಗೆ ಬರೀ ಕ್ವೋರಮ್ ಕೇಳುವವರನ್ನು ಇದು ತಡೆಯಲ್ಲ, ಅವರನ್ನು ಹುಡುಕಿ ಬದಲಿಸಲೇಬೇಕು. ಎಲ್ಲ ನೋಡ್‌ನಲ್ಲೂ ರೀಬಿಲ್ಡ್ ಮುಗಿದ ಮೇಲೆ ಒಂದೇ ಒಂದು ನೋಡ್‌ನಲ್ಲಿ ಪೋರ್ಟ್ ತೆರೆದು, ಕನ್ಸಿಸ್ಟೆನ್ಸಿ ಲೋಕಲ್ ಒನ್ ಇಟ್ಟು, ಹಳೆಯ ಕೀಗಳನ್ನು ಕೈಯಾರೆ ಓದಿ ನೋಡಿ. ಎಲ್ಲವೂ ಸಿಕ್ಕರೆ ಉಳಿದವುಗಳ ಪೋರ್ಟ್ ತೆರೆಯಿರಿ.