ಎಮ್ಯುಲೇಟರ್‌ನಲ್ಲಿ ವರ್ಚುವಲ್ ಡಿವೈಸ್‌ನ ಸ್ಥಿತಿ ಕೇಳುವ ಕಮಾಂಡ್ ಸೇರಿಸುವುದು ಹೇಗೆ?

ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿದ್ದು ಇಷ್ಟು: ಕ್ಯೂಎಮು (QEMU) ಎಂಬ ಎಮ್ಯುಲೇಟರ್‌ಗೆ ನೀವೇ ಒಂದು ವರ್ಚುವಲ್ ಡಿವೈಸ್ ಬರೆದಿದ್ದೀರಿ. ಅದು ಆಗಾಗ ನಿಂತುಬಿಡುತ್ತದೆ. ಒಳಗೆ ಏನಾಗಿದೆ ಅಂತ ನೋಡಲು ಅದರ ಮಾನಿಟರ್‌ಗೆ, ಅಂದರೆ ಕ್ಯೂಎಮುಗೆ ಕಮಾಂಡ್ ಕೊಡುವ ಕನ್ಸೋಲ್‌ಗೆ, ಒಂದು 'ಇನ್ಫೋ' ಕಮಾಂಡ್ ಸೇರಿಸಬೇಕು. ನಾಲ್ಕು ಸಾಲು ಪ್ರಿಂಟ್ ಮಾಡಿಸಿದರೆ ಸಾಕಾ?

ಇವತ್ತಿನ ಮಟ್ಟಿಗೆ ಸಾಕು. ಆದರೆ ಮುಂದಿನ ತಿಂಗಳು ಅದೇ ಕಮಾಂಡ್ ನಿಮ್ಮ ಕೈಕೊಡುತ್ತದೆ. ಕೋಡ್ ಶುರು ಮಾಡುವ ಮುಂಚೆ ಒಂದು ಕೆಲಸ ಮಾಡಿ: ಡಿವೈಸ್ ನಿಂತಾಗ ನಿಮಗೆ ಮೊದಲು ಏನು ಗೊತ್ತಾಗಬೇಕು ಅಂತ ಒಂದು ಹಾಳೆಯಲ್ಲಿ ಬರೆಯಿರಿ. ಸ್ಟ್ರಕ್ಟ್‌ನಲ್ಲಿರುವ ಎಲ್ಲವನ್ನೂ ಸುಮ್ನೆ ಸುರಿದರೆ ಓದುವವರಿಗೆ ಏನೂ ಸಿಗುವುದಿಲ್ಲ.

ವರ್ಟಿಯೋ (virtio, ವರ್ಚುವಲ್ ಯಂತ್ರಗಳಿಗೆಂದೇ ಮಾಡಿದ ಡಿವೈಸ್ ಮಾನದಂಡ) ಡಿವೈಸ್‌ಗಳನ್ನೇ ನೋಡಿ. ಕ್ಯೂಎಮು 7.2ರಲ್ಲಿ ಇವುಗಳಿಗೆ 'ಇನ್ಫೋ ವರ್ಟಿಯೋ', 'ಇನ್ಫೋ ವರ್ಟಿಯೋ-ಸ್ಟೇಟಸ್', 'ಇನ್ಫೋ ವರ್ಟಿಯೋ-ಕ್ಯೂ-ಸ್ಟೇಟಸ್' ಅಂತ ಕಮಾಂಡ್‌ಗಳು ಬಂದವು. ನಿಮ್ಮ ಕೆಲಸಕ್ಕೆ ಇದಕ್ಕಿಂತ ಒಳ್ಳೆಯ ಮಾದರಿ ಇಲ್ಲ. ಒಮ್ಮೆ ನನ್ನ ಗೆಸ್ಟ್‌ನಲ್ಲಿ, ಅಂದರೆ ಎಮ್ಯುಲೇಟರ್ ಒಳಗೆ ಓಡುವ ಸಿಸ್ಟಂನಲ್ಲಿ, ನೆಟ್‌ವರ್ಕ್ ಕಾರ್ಡ್ ಏಳಲೇ ಇಲ್ಲ. ಸ್ಟೇಟಸ್ ಬೈಟ್ ನೋಡಿದರೆ 11. ಬಿಡಿಸಿದರೆ 1, 2, 8. ಅಂದರೆ ಗೆಸ್ಟ್ ಡಿವೈಸನ್ನು ಗುರುತಿಸಿದೆ, ಡ್ರೈವರ್ ಸಿಕ್ಕಿದೆ, ಫೀಚರ್‌ಗಳ ಮಾತುಕತೆಯೂ ಮುಗಿದಿದೆ. ಬರಬೇಕಾಗಿದ್ದ 4, ಅಂದರೆ 'ಡ್ರೈವರ್ ಓಕೆ', ಬಂದಿಲ್ಲ. ಹುಡುಕಬೇಕಾದ ಜಾಗ ಅಲ್ಲೇ ತಿಳಿಯಿತು: ಗೆಸ್ಟ್ ಡ್ರೈವರ್ ಕ್ಯೂಗಳನ್ನು (ಡಿವೈಸ್‌ಗೆ ಕೆಲಸ ಕಳಿಸುವ ಸಾಲುಗಳನ್ನು) ಹೊಂದಿಸುವ ಕಡೆ. ಹಾಗಾಗಿ ನಿಮ್ಮ ಕಮಾಂಡ್ ಬರೀ ಅಂಕಿ ಕೊಡಬಾರದು, ಪ್ರತಿ ಬಿಟ್‌ನ ಹೆಸರು ಹೇಳಬೇಕು. ಗೊತ್ತಿಲ್ಲದ ಬಿಟ್ ಉಳಿದರೆ ಅದನ್ನು ಮುಚ್ಚಿಡದೆ ಬೇರೆ ಫೀಲ್ಡ್‌ನಲ್ಲಿ ಹಾಗೇ ತೋರಿಸಿ. ವರ್ಟಿಯೋ ಕಮಾಂಡ್ ಮಾಡುವುದೂ ಇದನ್ನೇ.

ಕ್ಯೂ ವಿಷಯ ಇನ್ನೂ ಚೆನ್ನಾಗಿದೆ. ಗೆಸ್ಟ್ ತನ್ನ ಕೆಲಸಗಳನ್ನು 'ಅವೇಲಬಲ್' ರಿಂಗ್‌ಗೆ ಹಾಕುತ್ತದೆ, ಡಿವೈಸ್ ಮುಗಿಸಿದ್ದನ್ನು 'ಯೂಸ್ಡ್' ರಿಂಗ್‌ಗೆ ಹಾಕುತ್ತದೆ. ಗೆಸ್ಟ್‌ನ ಇಂಡೆಕ್ಸ್ ಮುಂದೆ ಹೋಗಿದ್ದು, ಡಿವೈಸ್ ಕೊನೆಗೆ ಎತ್ತಿಕೊಂಡ ಇಂಡೆಕ್ಸ್ ಹಿಂದೆಯೇ ಇದ್ದರೆ, ಗೆಸ್ಟ್ ಬಾಗಿಲು ತಟ್ಟಿದ್ದು ಡಿವೈಸ್‌ಗೆ ಕೇಳಿಸಿಲ್ಲ. ಎತ್ತಿಕೊಂಡಿದೆ, ಯೂಸ್ಡ್ ಮಾತ್ರ ಏರಿಲ್ಲ ಅಂದರೆ ಬ್ಯಾಕೆಂಡ್ (ಡಿವೈಸ್‌ನ ಹಿಂದೆ ನಿಜವಾದ ಕೆಲಸ ಮಾಡುವ ಭಾಗ) ಸಿಕ್ಕಿಕೊಂಡಿದೆ. ಯೂಸ್ಡ್ ಕೂಡ ಏರಿದೆ, ಆದರೂ ಗೆಸ್ಟ್ ಸುಮ್ಮನೆ ಕೂತಿದೆ ಅಂದರೆ, ಕೆಲಸ ಮುಗಿಯಿತೆಂದು ಅದಕ್ಕೆ ತಿಳಿಸುವ ಇಂಟರಪ್ಟ್ ಕಡೆ ನೋಡಿ. ಮೂರೇ ಅಂಕಿ, ಮೂರು ಬೇರೆ ಬೇರೆ ದಾರಿ. ಇವು 16 ಬಿಟ್ ಅಂಕಿಗಳು, 65535 ಆದಮೇಲೆ ಮತ್ತೆ 0. ಸುಮ್ನೆ ದೊಡ್ಡದು ಚಿಕ್ಕದು ಅಂತ ಹೋಲಿಸಬೇಡಿ, 16 ಬಿಟ್‌ನಲ್ಲೇ ಕಳೆದು ನೋಡಿ.

ಈಗ ಜಾಸ್ತಿ ಜನ ಎಡವುವ ಜಾಗ. ಸ್ಥಿತಿ ಕೇಳುವ ಕಮಾಂಡ್ ಸ್ಥಿತಿಯನ್ನು ಬದಲಿಸಬಾರದು. ಇದರಲ್ಲಿ ಹೇಳೋದೇನಿದೆ ಅಂತ ಅನಿಸುತ್ತದೆ ಅಲ್ವಾ? ನಾನು ಒಂದು ಡಿವೈಸ್‌ಗೆ ಕಮಾಂಡ್ ಬರೆದಾಗ, ಗೆಸ್ಟ್ ರಿಜಿಸ್ಟರ್ ಓದುವಾಗ ಓಡುವ ಅದೇ ಫಂಕ್ಷನ್ ಕರೆದಿದ್ದೆ. ಇರುವ ಕೋಡನ್ನೇ ಬಳಸೋಣ ಅಂತ. ಆದರೆ ಆ ಇಂಟರಪ್ಟ್ ಸ್ಟೇಟಸ್ ರಿಜಿಸ್ಟರ್ ಓದಿದ ಕೂಡಲೇ ಸೊನ್ನೆಯಾಗುವಂಥದ್ದು. ವರ್ಟಿಯೋ ಪಿಸಿಐನ ಇಂಟರಪ್ಟ್ ಸ್ಟೇಟಸ್ ರಿಜಿಸ್ಟರ್ (ಐಎಸ್‌ಆರ್) ಕೂಡ ಹೀಗೇ. ನಾನು ಕಮಾಂಡ್ ಹೊಡೆದಾಗಲೆಲ್ಲ ಗೆಸ್ಟ್‌ಗೆ ಸೇರಬೇಕಿದ್ದ ಇಂಟರಪ್ಟನ್ನು ನನ್ನ ಕಮಾಂಡೇ ನುಂಗುತ್ತಿತ್ತು. ಎರಡು ದಿನ ಇಲ್ಲದ ದೋಷ ಹುಡುಕಿದೆ. ನೀವು ನೇರವಾಗಿ ಸ್ಟ್ರಕ್ಟ್‌ನ ಫೀಲ್ಡ್‌ಗಳನ್ನೇ ಓದಿ, ರಿಜಿಸ್ಟರ್ ದಾರಿಗೆ ಹೋಗಲೇಬೇಡಿ.

ಕೋಡ್ ಭಾಗ ಅಷ್ಟು ಕಷ್ಟವಿಲ್ಲ. ಮೊದಲು ಪ್ರೋಗ್ರಾಂಗಳು ಜೇಸನ್‌ನಲ್ಲಿ ಕೇಳುವ ಕ್ಯೂಎಂಪಿ ಕಮಾಂಡ್ ಮಾಡಿ, ಆಮೇಲೆ ಮನುಷ್ಯರು ಓದುವ ಎಚ್‌ಎಂಪಿ ಕಮಾಂಡ್. ಕ್ಯೂಎಪಿಐ ಸ್ಕೀಮಾ ಫೈಲ್‌ನಲ್ಲಿ (ಕಮಾಂಡ್‌ಗಳ ಸ್ವರೂಪ ವಿವರಿಸುವ ಫೈಲ್) ಉತ್ತರದ ಸ್ಟ್ರಕ್ಟ್ ಮತ್ತು ಕಮಾಂಡ್ ಬರೆದರೆ, ಸಿ ಟೈಪ್‌ಗಳು, ಜೇಸನ್‌ಗೆ ಬದಲಿಸುವ ಕೋಡ್ ಎಲ್ಲ ತಾನಾಗಿ ತಯಾರಾಗುತ್ತದೆ. ನೀವು ಬರೆಯಬೇಕಾದ್ದು ಸ್ಟ್ರಕ್ಟ್ ತುಂಬಿಸುವ ಒಂದು ಫಂಕ್ಷನ್ ಅಷ್ಟೇ. ಎಚ್‌ಎಂಪಿ ಕಡೆಯವನು ಅದನ್ನೇ ಕರೆದು ಪ್ರಿಂಟ್ ಮಾಡುತ್ತಾನೆ. ಹೀಗೆ ಮಾಡಿದರೆ ನಾಳೆ ಒಂದು ಸ್ಕ್ರಿಪ್ಟ್ ಪ್ರತಿ ಸೆಕೆಂಡಿಗೆ ಸ್ಥಿತಿ ಕೇಳಬಹುದು, ಪ್ರಿಂಟ್ ಆದ ಸಾಲುಗಳನ್ನು ಕತ್ತರಿಸಿ ಓದುವ ಪಾಡು ಇರುವುದಿಲ್ಲ. ಹೆಸರಿನ ಮುಂದೆ 'ಎಕ್ಸ್-' ಸೇರಿಸಿ, ಸ್ಕೀಮಾದಲ್ಲಿ 'ಅನ್‌ಸ್ಟೇಬಲ್' ಅಂತಲೂ ಗುರುತು ಹಾಕಿ. ಫೀಲ್ಡ್‌ಗಳನ್ನು ಮುಂದೆ ಬದಲಿಸುವ ಸ್ವಾತಂತ್ರ್ಯ ನಿಮಗೇ ಉಳಿಯುತ್ತದೆ.

ಯಾವಾಗಲೂ ಸಿಗದ ಮಾಹಿತಿಯನ್ನು ಐಚ್ಛಿಕ ಫೀಲ್ಡ್ ಮಾಡಿ. ಸ್ಕೀಮಾದಲ್ಲಿ ಹೆಸರಿನ ಮುಂದೆ ನಕ್ಷತ್ರ ಇಟ್ಟರೆ ಆಯಿತು. ವಿಹೋಸ್ಟ್ (ಕ್ಯೂ ಕೆಲಸವನ್ನು ಕರ್ನಲ್‌ಗೆ ಅಥವಾ ಬೇರೆ ಪ್ರೊಸೆಸ್‌ಗೆ ಒಪ್ಪಿಸುವ ವ್ಯವಸ್ಥೆ) ಓಡುತ್ತಿದ್ದರೆ ಕ್ಯೂ ನಡೆಸುವುದು ಕ್ಯೂಎಮು ಅಲ್ಲ, ಆದ್ದರಿಂದ ಕ್ಯೂಎಮು ಹತ್ತಿರ ಇರುವ 'ಶ್ಯಾಡೋ' ಇಂಡೆಕ್ಸ್ (ಗೆಸ್ಟ್‌ನ ಇಂಡೆಕ್ಸ್‌ನ ಪ್ರತಿ) ಹಳೆಯದು. ವರ್ಟಿಯೋ ಕಮಾಂಡ್ ಆಗ ಆ ಫೀಲ್ಡನ್ನೇ ಬಿಟ್ಟುಬಿಡುತ್ತದೆ. ಅಲ್ಲಿ 0 ತೋರಿಸಿದ್ದರೆ ಎಷ್ಟು ಜನ ಅದನ್ನು ನಂಬಿ ದಾರಿ ತಪ್ಪುತ್ತಿದ್ದರೋ!

ನಿಮ್ಮ ಡಿವೈಸ್ ಬೇರೆ ಥ್ರೆಡ್‌ನಲ್ಲಿ ಓಡುತ್ತಿದ್ದರೆ, ನೀವು ಓದುತ್ತಿರುವಾಗಲೇ ಅಂಕಿಗಳು ಬದಲಾಗುತ್ತವೆ. ಮೊದಲನೆಯದಕ್ಕೂ ಮೂರನೆಯದಕ್ಕೂ ಹೊಂದಿಕೆಯಾಗದೇ ಇರಬಹುದು. ಒಂದೇ ಗಳಿಗೆಯ ಚಿತ್ರ ಬೇಕಿದ್ದರೆ 'ಸ್ಟಾಪ್' ಕೊಟ್ಟು ಗೆಸ್ಟನ್ನು ನಿಲ್ಲಿಸಿ ಕೇಳಿ, ಆಮೇಲೆ 'ಕಾಂಟ್' ಕೊಟ್ಟು ಮತ್ತೆ ಓಡಿಸಿ. ಡಿವೈಸ್ ನಿಂತೇ ಹೋಗಿರುವಾಗ ಇದರ ಚಿಂತೆ ಕಡಿಮೆ.

ಕೊನೆಗೆ, ನಿಮ್ಮ ಡಿವೈಸ್ ಇಲ್ಲದ ಕಾನ್ಫಿಗರೇಷನ್‌ನಲ್ಲೂ ಒಮ್ಮೆ ಬಿಲ್ಡ್ ಮಾಡಿ ನೋಡಿ. ಸ್ಕೀಮಾದಲ್ಲಿ ಕಮಾಂಡ್ ಇದ್ದು ಫಂಕ್ಷನ್ ಇಲ್ಲದಿದ್ದರೆ ಲಿಂಕ್ ಆಗುವುದಿಲ್ಲ. ಒಂದು ಸ್ಟಬ್ (ಬದಲಿಗೆ ಇಡುವ ಚಿಕ್ಕ ಕೋಡ್) ಫೈಲ್‌ನಲ್ಲಿ ಅದೇ ಹೆಸರಿನ ಫಂಕ್ಷನ್ ಬರೆದು, 'ಈ ಡಿವೈಸ್ ಸೇರಿಸಿಲ್ಲ' ಅಂತ ಎರರ್ ಕೊಟ್ಟರೆ ಸಾಕು.